ಶಿಬಿರಕ್ಕೆ ಮೂರು ಕಥೆ ಹೊತ್ತುಕೊಂಡು ಹೋಗಬೇಡಿ

ಮೇಡಂ, ಮೊದಲು ಆ ಚಿತ್ರಕಾರರಿಗೆ ಫೋನ್ ಮಾಡಿ, ಸದ್ಯಕ್ಕೆ ಕೆಲಸ ನಿಲ್ಲಿಸಿ ಅಂತ ಹೇಳಿ. ಮಿಕ್ಕಿದ್ದು ಆಮೇಲೆ.

ಮಕ್ಕಳ ಪುಸ್ತಕ ಬರೆಯೋರ ಎರಡು ದಿನದ ಶಿಬಿರಕ್ಕೆ ಮೊದಲ ಸಲ ಹೊರಟಿದ್ದೀರಿ. ಮೂರು ಚಿತ್ರಪುಸ್ತಕದ ಕಥೆ ರೆಡಿ ಇದೆ, ಮೂರಕ್ಕೂ ದುಡ್ಡು ಕೊಟ್ಟು ಬಣ್ಣದ ಚಿತ್ರ ಬರೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಊಟದ ಹೊತ್ತಿಗೆ ಸಂಪಾದಕರ ಕೈಗೆ ಕೊಡ್ತೀನಿ ಅಂತ ನಮ್ಮ ಈ ಆನ್‌ಲೈನ್ ಗುಂಪಿನಲ್ಲಿ ಬರೆದಿದ್ದೀರಿ. ಕೆಳಗೆ ಎಲ್ಲರೂ ಶುಭಾಶಯ ಹೇಳಿ ಹೋಗಿದ್ದಾರೆ, ಒಬ್ಬರಾದರೂ ಬೇಡ ಅಂದಿಲ್ಲ. ನಾನೂ ಹೀಗೇ ಬೈಂಡ್ ಮಾಡಿಸಿಕೊಂಡು ಹೋದವಳು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಚಿತ್ರದ ವಿಷಯ ಮೊದಲು. ಪ್ರಕಾಶಕರು ಕಥೆ ಒಪ್ಪಿಕೊಂಡರೆ ಚಿತ್ರಕಾರರನ್ನು ಹುಡುಕೋದು ಸಾಮಾನ್ಯವಾಗಿ ಅವರೇ. ನೀವು ಚಿತ್ರ ಸಮೇತ ಕೊಟ್ಟರೆ ಅವರು ಎರಡನ್ನೂ ಒಟ್ಟಿಗೆ ಒಪ್ಪಬೇಕಾಗುತ್ತೆ. ಕಥೆ ಹಿಡಿಸಿ ಚಿತ್ರ ಹಿಡಿಸದಿದ್ದರೆ ಕಥೆಯೂ ವಾಪಸ್ ಬರುತ್ತೆ. ಅದಕ್ಕಿಂತ ದೊಡ್ಡ ನಷ್ಟ ಶಿಬಿರದಲ್ಲೇ ಆಗೋದು: ಗುಂಪಿನಲ್ಲಿ ಕೂತವರು ಬಣ್ಣ ನೋಡಿ ಚೆನ್ನಾಗಿದೆ ಅಂತಾರೆ, ನಿಮ್ಮ ವಾಕ್ಯಗಳನ್ನು ಯಾರೂ ಮುಟ್ಟಲ್ಲ. ಬಣ್ಣ ಹಚ್ಚಿದ ಪುಟವನ್ನು ಕಿತ್ತು ಹಾಕೋಕೆ ನಿಮಗೂ ಮನಸ್ಸು ಬರಲ್ಲ. ನೀವೇ ಬರೆದು ನೀವೇ ಬಿಡಿಸೋರಾದರೆ ಮಾತು ಬೇರೆ. ಸ್ವಂತ ಪ್ರಕಟಣೆ ಆದರೂ ಬೇರೆ. ಬಿಯಾಟ್ರಿಕ್ಸ್ ಪಾಟರ್ ತಮ್ಮ ಪೀಟರ್ ಮೊಲದ ಕಥೆಯನ್ನು ಪ್ರಕಾಶಕರು ಬೇಡ ಅಂದ ಮೇಲೆ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು, 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಬಣ್ಣದಲ್ಲಿ ತಂದಿತು ಅಂತ ಈ ಗುಂಪಿನಲ್ಲೇ ಯಾರಾದರೊಬ್ಬರು ಉದಾಹರಣೆ ಕೊಡ್ತಾನೇ ಇರ್ತಾರೆ. ಆ ಚಿತ್ರಗಳು ಆಕೆಯವೇ ಆಗಿದ್ದವು ಅನ್ನೋದನ್ನು ಜೊತೆಗೆ ಹೇಳಬೇಕು. ನೀವು ಮುಂಗಡ ಕೊಟ್ಟಾಗಿದ್ದರೆ, ಆಗಿರೋಷ್ಟು ಕೆಲಸಕ್ಕೆ ಪೂರ್ತಿ ದುಡ್ಡು ಕೊಟ್ಟು ನಿಲ್ಲಿಸಿ, ಆ ಚಿತ್ರಗಳ ಹಕ್ಕು ಯಾರಿಗೆ ಅನ್ನೋದನ್ನು ಕಾಗದದ ಮೇಲೆ ಬರೆದುಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ನಮ್ಮದು ಅಂತ ಅಂದುಕೊಳ್ಳಬೇಡಿ.

ಮೂರು ಕಥೆ ಬೇಡ, ಒಂದು ಸಾಕು. ಎರಡು ದಿನದಲ್ಲಿ ನಿಮ್ಮ ಪಾಲಿಗೆ ಸಿಗೋದು ಅಲ್ಲಿನ ಗುಂಪಿನಲ್ಲಿ ಕಥೆ ಓದಿ ಚರ್ಚಿಸೋ ಒಂದು ಸರದಿ, ಸಂಪಾದಕರ ಜೊತೆ ಒಂದಷ್ಟು ನಿಮಿಷ. ಮೂರನ್ನು ಹರಡಿಕೊಂಡು ಕೂತರೆ ಮೂರರ ಮೇಲೂ ಮೇಲುಮೇಲಿನ ಮಾತು ಸಿಗುತ್ತೆ. ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ ಅನಿಸಿದ್ದನ್ನಲ್ಲ, ಎಲ್ಲೋ ಕೂರ್ತಿಲ್ಲ, ಎಲ್ಲಿ ಅಂತ ಗೊತ್ತಾಗ್ತಿಲ್ಲ ಅನಿಸಿದ್ದನ್ನು ಒಯ್ಯಿರಿ. ಹೊಗಳಿಸಿಕೊಳ್ಳೋಕೆ ಮನೆಯವರಿದ್ದಾರೆ.

ಇನ್ನು ಆ ಒಂದು ಕಥೆಯನ್ನು ಹೇಗೆ ಒಯ್ಯಬೇಕು ಅನ್ನೋದು. ಡಮ್ಮಿ ಮಾಡಿ, ಅಂದರೆ ಹಾಳೆ ಮಡಚಿ ಕಟ್ಟಿದ ಮಾದರಿ ಪುಸ್ತಕ. ಬರೀ ಹಾಳೆ, ಚಿತ್ರ ಇಲ್ಲದ ಡಮ್ಮಿ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಮಾಡಲ್ಲ, ಕಂಪ್ಯೂಟರಿನಲ್ಲೇ ಪುಟ ಹಾಕಿ ನೋಡಿದ್ದೀನಿ ಅಂತಾರೆ. ಪರದೆಯ ಮೇಲೆ ಪುಟ ತಿರುಗಲ್ಲ, ಸರಿಯುತ್ತೆ. ಚಿತ್ರಪುಸ್ತಕ ನಿಂತಿರೋದೇ ಆ ತಿರುವಿನ ಮೇಲೆ.

ಎಂಟು ಎ4 ಹಾಳೆ ತಗೊಂಡು ಒಟ್ಟಿಗೆ ಮಧ್ಯಕ್ಕೆ ಮಡಚಿದರೆ 32 ಪುಟ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚಿ ಕತ್ತರಿಸೋದರಿಂದ ಪುಟಗಳು ಎಂಟರ ಲೆಕ್ಕದಲ್ಲೇ ಬರ್ತವೆ. 24 ಇರಬಹುದು, 40 ಇರಬಹುದು, ಹೆಚ್ಚಾಗಿ 32. ಸಾಮಾನ್ಯ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟಲ್ಲ. ಸೂಜಿಯಲ್ಲಿ ಮೂರು ತೂತು ಮಾಡಿ ದಾರ ಹಾಕಿ ಗಂಟು ಕಟ್ಟಿ. ಪುಟಸಂಖ್ಯೆ ಮೊದಲೇ ಬರೆದುಬಿಡಿ: ಬೆಸ ಬಲಕ್ಕೆ, ಸಮ ಎಡಕ್ಕೆ. ಮೊದಲ ಮೂರು ಪುಟ ಹೆಸರಿಗೆ, ಹಕ್ಕಿನ ವಿವರಕ್ಕೆ, ಅರ್ಪಣೆಗೆ ಹೋಗುತ್ತೆ. 4-5ರಿಂದ 30-31ರವರೆಗೆ ಹದಿನಾಲ್ಕು ಸ್ಪ್ರೆಡ್ (ಬಿಡಿಸಿದಾಗ ಎದುರುಬದುರು ಕಾಣೋ ಎರಡು ಪುಟ), ಕೊನೆಗೆ 32 ಒಂಟಿ ಪುಟ. ರಟ್ಟಿಗೆ ಅಂಟಿಸೋ ಪುಟಗಳೂ ಇದರಲ್ಲೇ ಸೇರಿದರೆ ಹನ್ನೆರಡು ಅಂತ ಇಟ್ಟುಕೊಳ್ಳಿ.

ಈಗ ಕಥೆಯನ್ನು ಪ್ರಿಂಟ್ ಹಾಕಿ ಕತ್ತರಿಯಲ್ಲಿ ತುಂಡು ಮಾಡಿ ಅಂಟಿಸಿ. ಗಮ್ ಬೇಡ, ಕಿತ್ತು ಮತ್ತೆ ಅಂಟಿಸೋ ಹಾಗಿರಬೇಕು. ಕಾಗದದ ಟೇಪ್ ಸಾಕು. ಪೋಸ್ಟ್-ಇಟ್ ಇದಕ್ಕೆ ಒಳ್ಳೇದು, ಅಗ್ಗದ ಅಂಟುಚೀಟಿಗಳು ಸಂಜೆ ಹೊತ್ತಿಗೆ ಉದುರ್ತವೆ. ಅಂಟಿಸ್ತಾ ಹೋದ ಹಾಗೆ ಕಾಯಿಲೆ ಎಲ್ಲಾ ಹೊರಗೆ ಬರುತ್ತೆ. ಹತ್ತನೇ ಪುಟದವರೆಗೆ ಮಾತೇ ಮಾತು, ಹದಿನೆಂಟಕ್ಕೆ ಕಥೆ ಮುಗಿದೇ ಹೋಗಿರುತ್ತೆ. ಇಲ್ಲಾಂದರೆ ಒಂದೇ ಕೋಣೆಯಲ್ಲಿ ಇಬ್ಬರು ಕೂತು ಮೂರು ಸ್ಪ್ರೆಡ್ ಮಾತಾಡ್ತಿರ್ತಾರೆ. ಅಲ್ಲಿ ಚಿತ್ರಕಾರರು ಏನು ಬಿಡಿಸಬೇಕು? ಪ್ರತಿ ಸ್ಪ್ರೆಡ್ಡಿನ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದೇ ಒಂದು ಕ್ರಿಯಾಪದ ಬರೀರಿ: ಹತ್ತಿದಳು, ಬಿದ್ದಳು, ಅಡಗಿದಳು. ಯೋಚಿಸಿದಳು, ಅಂದುಕೊಂಡಳು, ಹೇಳಿದಳು ಅಂತ ಸಾಲಾಗಿ ಬಂದರೆ ಆ ಜಾಗ ಸತ್ತಿದೆ ಅಂತ ಲೆಕ್ಕ.

ತಿರುವು ಹೇಗೆ ನೋಡೋದು ಅಂದರೆ, ಬಲಪುಟದ ಕೊನೇ ಸಾಲು ಓದಿ ನಿಲ್ಲಿಸಿ. ಉದಾಹರಣೆಗೆ ನಿಮ್ಮ ಕಥೆಯಲ್ಲಿ ಇಂಥ ಸಾಲು ಇದೆ ಅಂದುಕೊಳ್ಳಿ: "ನೀಲಿ ಲಂಗ ತೊಟ್ಟಿದ್ದ, ಎರಡು ಜಡೆಯ ಮಿನಿ ಹಳೇ ಹಸಿರು ಬಾಗಿಲನ್ನು ನಿಧಾನವಾಗಿ ತಳ್ಳಿದಳು. ಒಳಗೆ ಯಾರೋ ಉಸಿರಾಡುತ್ತಿದ್ದರು. ಅದು ಬೆಕ್ಕಾಗಿತ್ತು." ಲಂಗ, ಜಡೆ, ಹಸಿರು ಮೂರೂ ಚಿತ್ರದ ಪಾಲು, ಹೊಡೆದುಹಾಕಿ. ನಿಧಾನವಾಗಿ ಅನ್ನೋದು ಇರಲಿ, ಅದನ್ನು ಚಿತ್ರದಲ್ಲಿ ತರೋದು ಕಷ್ಟ. "ಮಿನಿ ನಿಧಾನವಾಗಿ ಬಾಗಿಲು ತಳ್ಳಿದಳು. ಒಳಗೆ ಯಾರೋ ಉಸಿರಾಡುತ್ತಿದ್ದರು." ಇಷ್ಟು ಬಲಪುಟದ ಕೆಳಗೆ. ಪುಟ ತಿರುಗಿಸಿದರೆ ಬೆಕ್ಕು, ಮಾತೇ ಬೇಡ. ಬೆಕ್ಕು ಅದೇ ಪುಟದಲ್ಲಿದ್ದರೆ ಮಗುವಿಗೆ ತಿರುಗಿಸೋ ಆಸೆ ಯಾಕೆ ಹುಟ್ಟಬೇಕು? ಹೀಗೆ ಒಂದು ಕಥೆಯಲ್ಲಿ ಐದಾರು ತಿರುವು ಸಿಕ್ಕರೂ ಬೇಕಾದಷ್ಟಾಯ್ತು. ಎಲ್ಲ ಪುಟದಲ್ಲೂ ಬೆಚ್ಚಿಬೀಳಿಸೋಕೆ ಹೋಗಬೇಡಿ, ಮಕ್ಕಳಿಗೂ ಸುಸ್ತಾಗುತ್ತೆ. ಮಲಗಿಸೋ ಹೊತ್ತಿನ ಕಥೆಗಾದರೆ ಈ ನಿಯಮವೇ ಬೇಡ, ಅಲ್ಲಿ ಮುಂದೇನು ಅಂತ ಮಗುವಿಗೆ ಗೊತ್ತಿರೋದೇ ಹಿತ.

ಚಿತ್ರದ ಸೂಚನೆ ಬರೆಯಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಮಾತು ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಬೇಕಾದ ಕಡೆ ಮಾತ್ರ, ಒಂದು ಸಾಲು. ಅಂಗಿಯ ಬಣ್ಣ ಹೇಳಬೇಡಿ.

ಡಮ್ಮಿ ಆದ ಮೇಲೆ ಅದನ್ನು ನೀವು ಓದಬೇಡಿ. ಕಥೆ ಗೊತ್ತೇ ಇಲ್ಲದ ಒಬ್ಬರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಅಂತ ಹೇಳಿ, ನೀವು ಇನ್ನೊಂದು ಪ್ರತಿ ಹಿಡಿದು ಪಕ್ಕದಲ್ಲಿ ಕೂರಿ. ಎಲ್ಲಿ ತಡವರಿಸಿದರು, ಎಲ್ಲಿ ವಾಪಸ್ ಹೋಗಿ ಓದಿದರು, ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲಾ ಗುರುತು ಹಾಕಿ. ನಾವೇ ಓದಿದಾಗ ಹಳ್ಳ ಬಂದ ಕಡೆ ದನಿಯಲ್ಲೇ ಸೇತುವೆ ಕಟ್ಟಿಬಿಡ್ತೀವಿ. ಪುಸ್ತಕದ ಜೊತೆ ನಮ್ಮ ದನಿ ಹೋಗಲ್ಲ. ಶಿಬಿರದಲ್ಲೂ ಹೀಗೇ ಕೇಳಿ: ನನ್ನ ಸರದಿಯಲ್ಲಿ ಬೇರೆ ಯಾರಾದರೂ ಓದ್ತೀರಾ ಅಂತ. ಬೇಡ ಅನ್ನೋರು ಇರಲ್ಲ.

ಪದ್ಯದಲ್ಲಿ ಬರೆದಿದ್ದರೆ ಇದು ಕಡ್ಡಾಯ. ನಿಮ್ಮ ಎರಡನೇ ಕಥೆ ಪದ್ಯ ಅಂತ ಹೇಳಿದ್ದೀರಿ. ಅಂತ್ಯಪ್ರಾಸ ಕೂರಿಸಿದ ಕೂಡಲೇ ಪದ್ಯ ಆಗಲ್ಲ, ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರೋದಕ್ಕೂ ಎರಡು. ನಾಲ್ಕರ ನಡಿಗೆಯಲ್ಲಿ ಹೊರಟಿದ್ದು ನಡುವೆ ಐದಕ್ಕೆ ಜಾರಿದರೆ ಓದೋರ ನಾಲಿಗೆ ಅಲ್ಲೇ ಎಡವುತ್ತೆ. ಪ್ರಾಸಕ್ಕೋಸ್ಕರ ಕಥೆಯಲ್ಲಿ ಇಲ್ಲದ ಮಾವನನ್ನೋ ಗಿಣಿಯನ್ನೋ ಕರೆತರೋದು ನಿಲ್ಲಿಸಿ, ದಯವಿಟ್ಟು. ಈ ಗುಂಪಿನಲ್ಲಿ ಬರೋ ಅರ್ಧ ಪದ್ಯಗಳು ಹಾಗೇ ಇವೆ.

ಪದಗಳ ಲೆಕ್ಕ ಕೇಳಿದ್ದಿರಿ. ಇಂಗ್ಲಿಷಿನವರು ಚಿತ್ರಪುಸ್ತಕಕ್ಕೆ 500 ಪದದ ಒಳಗೆ ಅಂತಾರೆ. ನಮ್ಮಲ್ಲಿ ಪ್ರತ್ಯಯ ಎಲ್ಲಾ ಪದಕ್ಕೇ ಅಂಟಿಕೊಳ್ಳೋದರಿಂದ ಅದೇ ಕಥೆ ಕಡಿಮೆ ಪದಕ್ಕೆ ಮುಗಿಯುತ್ತೆ, ಆದರೆ ಪದಗಳು ಉದ್ದ. ಹಾಗಾಗಿ ಪದಕ್ಕಿಂತ ಸಾಲು ಎಣಿಸಿ, ಸ್ಪ್ರೆಡ್ಡಿಗೆ ನಾಲ್ಕೈದು ಸಾಲು ದಾಟಿದರೆ ಅನುಮಾನ ಪಡಿ. ಮಗು ತಾನೇ ಓದಿಕೊಳ್ಳೋ ಪುಸ್ತಕ ಆದರೆ ಒತ್ತಕ್ಷರ ಆದಷ್ಟು ಕಡಿಮೆ ಮಾಡಿ, ಒಂದೇ ಪದ ಮತ್ತೆ ಮತ್ತೆ ಬರಲಿ. ಡಾ. ಸ್ಯೂಸ್ 1960ರಲ್ಲಿ ಬರೀ 50 ಬೇರೆ ಬೇರೆ ಪದ ಬಳಸಿ ಇಡೀ ಪುಸ್ತಕ ಬರೆದಿದ್ದಾರೆ. ದೊಡ್ಡವರು ಓದಿ ಹೇಳೋ ಪುಸ್ತಕಕ್ಕೆ ಈ ಕಟ್ಟುಪಾಡಿಲ್ಲ. ಒಂದು ಕಷ್ಟದ ಪದ, ಬಾಯಲ್ಲಿ ಆಡಿಸೋಕೆ ಚೆನ್ನಾಗಿದ್ದರೆ, ಇರಲಿ. ಇವೆರಡನ್ನೂ ಕಲಸಬೇಡಿ. "ಮೂರರಿಂದ ಹನ್ನೆರಡು ವಯಸ್ಸಿನವರಿಗೆ" ಅಂತ ಮೊದಲ ಹಾಳೆಯಲ್ಲಿ ಬರೆದರೆ ಯಾವ ವಯಸ್ಸಿಗೆ ಅಂತ ನೀವೇ ತೀರ್ಮಾನಿಸಿಲ್ಲ ಅಂತಾಗುತ್ತೆ.

ನಿಮ್ಮ ಮೊದಲ ಕಥೆಯ ಸಾರಾಂಶ ಓದಿದೆ. ಕೊನೆಯಲ್ಲಿ ಅಜ್ಜಿ ಬಂದು ಎಲ್ಲಾ ಸರಿ ಮಾಡಿ, ಬುದ್ಧಿ ಹೇಳ್ತಾರೆ. ಇದನ್ನು ಸಿಟ್ಟಿನಿಂದಲ್ಲ, ಕಾಳಜಿಯಿಂದ ಹೇಳ್ತೀನಿ: ಗಂಟು ಬಿಡಿಸೋದು ಮಗುವೇ ಆಗಿರಬೇಕು. ಅಜ್ಜಿ ಇರಲಿ, ಪ್ರೀತಿ ಮಾಡಲಿ, ದಾರಿ ತೋರಿಸೋದು ಬೇಡ. ನೀತಿಯ ಆ ಕೊನೇ ಪ್ಯಾರಾ ಪೂರ್ತಿ ತೆಗೆದು ಮತ್ತೆ ಓದಿ ನೋಡಿ. ಕಥೆ ನಿಂತರೆ ಅದು ಬೇಕಿರಲಿಲ್ಲ. ನಿಲ್ಲದಿದ್ದರೆ ಕೊರತೆ ಇರೋದು ಅದಕ್ಕಿಂತ ಹಿಂದೆ, ಅಲ್ಲಿ ಕೆಲಸ ಮಾಡಿ.

ಗುಂಪಿನ ಚರ್ಚೆಯಲ್ಲಿ ಬರೆದವರು ಬಾಯಿ ಬಿಡಬಾರದು ಅಂತ ಸಾಮಾನ್ಯವಾಗಿ ನಿಯಮ ಇರುತ್ತೆ. ಇಲ್ಲದಿದ್ದರೂ ನೀವೇ ಹಾಕಿಕೊಳ್ಳಿ. "ಅಲ್ಲ, ನಾನು ಹೇಳೋಕೆ ಹೊರಟಿದ್ದು ಏನಂದ್ರೆ" ಅಂತ ಶುರು ಮಾಡಿದಿರೋ, ನಿಮ್ಮ ಸಮಯ ಅಲ್ಲಿಗೆ ಹೋಯ್ತು. ಅವರು ಅಂದಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ನಿಮ್ಮ ಉತ್ತರ ಬರೀಬೇಡಿ. ಓದುಗರು ಎಲ್ಲಿ ಎಡವಿದೆ ಅಂತಾರೋ ಅದು ಬಹುಮಟ್ಟಿಗೆ ನಿಜ. ಅದಕ್ಕೆ ಹೇಳೋ ಮದ್ದು ಬಹುಮಟ್ಟಿಗೆ ಅವರ ಕಥೆಗೆ ಸರಿಹೋಗೋದು. ಹೇಗಿದೆ ಅಂತ ಕೇಳಬೇಡಿ, ಯಾವ ಪುಟದಲ್ಲಿ ಗಮನ ಬೇರೆ ಕಡೆ ಹೋಯ್ತು ಅಂತ ಕೇಳಿ. ಬೇರೆಯವರ ಕಥೆಗಳನ್ನು ಮುಂಚೆ ಕಳಿಸಿದ್ದರೆ ಎರಡು ಸಲ ಓದಿಕೊಂಡು ಹೋಗಿ. ಓದದೆ ಬಂದು ಅಲ್ಲೇ ಕಣ್ಣಾಡಿಸಿ ಮಾತಾಡೋರು ಪ್ರತಿ ಶಿಬಿರದಲ್ಲೂ ಸಿಗ್ತಾರೆ, ಅದು ದೊಡ್ಡ ಅನ್ಯಾಯ.

ಸಂಪಾದಕರ ತಟ್ಟೆಯ ಪಕ್ಕ ಹಸ್ತಪ್ರತಿ ಇಡಬೇಡಿ. ಊಟ ಮಾಡೋಕೆ ಬಿಡಿ. ಅವರು ಹೊರತಂದ ಪುಸ್ತಕಗಳಲ್ಲಿ ಎರಡು ಮೂರಾದರೂ ಓದಿಕೊಂಡು ಹೋಗಿ, ಅದರ ಬಗ್ಗೆ ನಿಜವಾಗಿ ಅನಿಸಿದ್ದನ್ನು ಕೇಳಿ. ಕಳಿಸಿ ಅಂತ ಅವರೇ ಹೇಳಿದರೆ ಯಾವ ವಿಳಾಸಕ್ಕೆ, ಹೇಗೆ ಅಂತ ಬರೆದುಕೊಳ್ಳಿ.

ಕಥೆ ಕದ್ದರೆ ಅನ್ನೋ ಭಯಕ್ಕೆ ಎಲ್ಲರ ಹತ್ತಿರ ಸಹಿ ಹಾಕಿಸ್ತೀನಿ ಅಂದಿದ್ದೀರಿ, ಬೇಡವೇ ಬೇಡ. ಬರಿಯ ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ. ನೀವು ಬರೆದ ರೂಪಕ್ಕೆ ಬರೆದ ಕ್ಷಣದಿಂದಲೇ ಇದೆ, 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕೆ ನೋಂದಣಿಯೂ ಬೇಕಿಲ್ಲ. ದಿನಾಂಕ ಇರೋ ಕರಡುಗಳನ್ನು ಇಟ್ಟುಕೊಳ್ಳಿ, ಅಷ್ಟೇ.

ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು. ಸ್ಕ್ರಿವ್ನರ್ ದೊಡ್ಡ ಕಾದಂಬರಿಗೆ ಒಳ್ಳೇದು, ಎರಡು ಹಾಳೆಯ ಕಥೆಗೆ ದಂಡ. ಗೂಗಲ್ ಡಾಕ್ಸ್ ಸಾಕು. ಕ್ಯಾನ್ವಾದಲ್ಲಿ ಚೆಂದ ಮಾಡೋಕೆ ಕೂತರೆ ಬರೆಯೋ ಹೊತ್ತು ಹೋಯ್ತು. ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಈಗಲೇ ಯೂನಿಕೋಡಿಗೆ ಬದಲಾಯಿಸಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಟು ಗೀಟು ಕಾಣುತ್ತೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಎಲ್ಲಾ ಒಂದ್ಸಲ ನೋಡಿ, ಅಲ್ಲೇ ತಪ್ಪು ನುಸುಳೋದು. ಜೊತೆಗೆ ಒಂದು ಪಿಡಿಎಫ್ ಇಟ್ಟುಕೊಳ್ಳಿ.

ಶಿಬಿರದ ಮೊದಲ ದಿನ ರಾತ್ರಿ ಎಲ್ಲಾ ತಿದ್ದಿಬಿಡೋಣ ಅನಿಸುತ್ತೆ. ಕೂರಬೇಡಿ, ನಿದ್ದೆ ಮಾಡಿ. ಬಹಳ ಆದರೆ ಡಮ್ಮಿಯಲ್ಲಿ ಎರಡು ತುಂಡು ಆಚೀಚೆ ಅಂಟಿಸಿ ನೋಡಿ. ವಾಪಸ್ ಬಂದ ಮೇಲೂ ಟಿಪ್ಪಣಿಗಳನ್ನು ಒಂದು ವಾರ ಮುಟ್ಟಬೇಡಿ, ಆಮೇಲೆ ತೆಗೆದು ಇಬ್ಬರಿಗಿಂತ ಹೆಚ್ಚು ಜನ ಹೇಳಿದ ಜಾಗ ಮೊದಲು ಹಿಡೀರಿ. ಸಂಪಾದಕರು ಕಳಿಸಿ ಅಂದಿದ್ದರೆ ತಿದ್ದಿದ ಮೇಲೆ ಕಳಿಸಿ, ಇಂಥ ಶಿಬಿರದಲ್ಲಿ ಭೇಟಿ ಆಗಿದ್ವಿ ಅಂತ ವಿಷಯದ ಸಾಲಿನಲ್ಲೇ ಹಾಕಿ.

ಡಮ್ಮಿ ಮಾಡಿದ ಮೇಲೆ ಅದರ ಫೋಟೋ ಇಲ್ಲೇ ಹಾಕಿ. ಯಾವ ತಿರುವು ಕೂರ್ತಿಲ್ಲ ಅಂತ ಹೊರಡೋ ಮುಂಚೆ ಒಟ್ಟಿಗೆ ನೋಡೋಣ.