ಕೊಲ್ಲದ ಅಸ್ತ್ರದ ಲೆಕ್ಕಾಚಾರ

ಮಾನ್ಯ ಓದುಗರೇ,

ಕಳೆದ ಸಂಚಿಕೆಯ ರಾಸಾಯನಿಕ ಅಸ್ತ್ರಗಳ ಲೇಖನವನ್ನು ಓದಿ, ಶತ್ರುವನ್ನು ಕೊಲ್ಲುವುದಕ್ಕಿಂತ ಭ್ರಮೆ ಹುಟ್ಟಿಸುವ ಮದ್ದಿನಿಂದ ಕೆಲವು ಗಂಟೆ ನಿಷ್ಕ್ರಿಯಗೊಳಿಸುವುದು ಮಾನವೀಯವಲ್ಲವೇ, ಸೇನೆಗಳು ಆ ದಾರಿಯನ್ನು ಏಕೆ ಬಿಟ್ಟವು ಎಂದು ಕೇಳಿದ್ದೀರಿ. 1950ರ ದಶಕದಲ್ಲಿ ಅಮೆರಿಕದ ಸೇನಾಧಿಕಾರಿಗಳೂ ಇದೇ ವಾದವನ್ನು ಮುಂದಿಟ್ಟರು. ಮೇರಿಲ್ಯಾಂಡಿನಲ್ಲಿರುವ ಸೇನೆಯ ರಾಸಾಯನಿಕ ಅಸ್ತ್ರ ಸಂಶೋಧನಾ ಕೇಂದ್ರ ಎಡ್ಜ್‌ವುಡ್ ಆರ್ಸೆನಲ್‌ನಲ್ಲಿ 1955ರಿಂದ 1975ರವರೆಗೆ ಸುಮಾರು 7,000 ಸೈನಿಕರ ಮೇಲೆ 250ಕ್ಕೂ ಹೆಚ್ಚು ರಾಸಾಯನಿಕಗಳನ್ನು ಪರೀಕ್ಷಿಸಲಾಯಿತು. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಅವುಗಳಲ್ಲಿ ಒಂದು.

ಬ್ರಿಟನ್ನಿನ ಸೇನಾ ಸಂಶೋಧನಾ ಕೇಂದ್ರವಾದ ಪೋರ್ಟನ್ ಡೌನ್‌ನ ವಿಜ್ಞಾನಿಗಳು 1964ರಲ್ಲಿ ರಾಯಲ್ ಮರೀನ್ ಸೈನಿಕರಿಗೆ ಕವಾಯತಿನ ನಡುವೆ ಎಲ್‌ಎಸ್‌ಡಿ ಕೊಟ್ಟಾಗ, ಸುಮಾರು ಒಂದು ಗಂಟೆಯಲ್ಲಿ ತುಕಡಿಯ ನಾಯಕನೇ ನಗುತ್ತ ಕೈಚೆಲ್ಲಿದ, ಇನ್ನೊಬ್ಬ ಹಕ್ಕಿಗಳಿಗೆ ಉಣಿಸಲು ಮರ ಹತ್ತಿದ. ಇದನ್ನು ನಿರಪಾಯವೆಂದು ಭಾವಿಸುವುದು ಸುಲಭ. ಆದರೆ ಬುದ್ಧಿ ಕದಡಿದವನ ಕೈಯಲ್ಲಿ ತುಂಬಿದ ಬಂದೂಕಿದ್ದರೆ ಅವನು ನಗುತ್ತಾನೋ, ಗುಂಡು ಹಾರಿಸುತ್ತಾನೋ ಹೇಳಬಲ್ಲವರಿಲ್ಲ. ಅಮೆರಿಕದ ಸೇನೆ ಕೊನೆಗೆ ಬಾಂಬುಗಳಲ್ಲಿ ತುಂಬಿದ್ದು ಬಿಝಡ್ ಎಂಬ ವಸ್ತುವನ್ನು. ಹೊಟ್ಟೆಹುಣ್ಣಿನ ಔಷಧಿಯ ಹುಡುಕಾಟದಲ್ಲಿ ಹುಟ್ಟಿದ ಇದು ನಮ್ಮ ಬೇಲಿಬದಿಯ ದತ್ತೂರದ ವಿಷದ ಬಗೆಯಲ್ಲೇ ಕೆಲಸ ಮಾಡಿ, ಬೆವರನ್ನು ನಿಲ್ಲಿಸಿ, ಮನುಷ್ಯನನ್ನು ದಿನಗಟ್ಟಲೆ ಸನ್ನಿಗೆ ದೂಡುತ್ತದೆ. ರಣರಂಗದ ಬಿಸಿಲಿನಲ್ಲಿ ಅದೇ ಪ್ರಾಣಾಪಾಯವಾಗಬಲ್ಲದು. 1990ರ ಹೊತ್ತಿಗೆ ಆ ದಾಸ್ತಾನನ್ನು ನಾಶಪಡಿಸಲಾಯಿತು.

ಮೂಲ ತೊಡಕು ಪ್ರಮಾಣದ್ದು. ಗಾಳಿಯಲ್ಲಿ ಹರಡಿದ ಮದ್ದನ್ನು ಯಾರು ಎಷ್ಟು ಉಸಿರಾಡುತ್ತಾರೆ ಎಂಬುದು ಯಾರ ಹತೋಟಿಯಲ್ಲೂ ಇರುವುದಿಲ್ಲ. ಒಬ್ಬನನ್ನು ಮಂಕಾಗಿಸುವಷ್ಟೇ ಪ್ರಮಾಣ ಇನ್ನೊಬ್ಬನ ಉಸಿರನ್ನು ನಿಲ್ಲಿಸಬಹುದು. 2002ರಲ್ಲಿ ಮಾಸ್ಕೋದ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ರಷ್ಯಾ ಬಳಸಿದ್ದು ಭ್ರಮೆಯ ಮದ್ದಲ್ಲ, ಫೆಂಟನಿಲ್ ಜಾತಿಯ ಅರಿವಳಿಕೆ. ಆದರೂ ತರ್ಕ ಇದೇ ಆಗಿತ್ತು, ಮತ್ತು 120ಕ್ಕೂ ಹೆಚ್ಚು ಒತ್ತೆಯಾಳುಗಳು ಸತ್ತರು. ಇಂಥ ವಸ್ತುಗಳನ್ನು ಪೊಲೀಸ್ ಕಾರ್ಯಾಚರಣೆಗಾಗಿ ಗಾಳಿಯಲ್ಲಿ ಸಿಂಪಡಿಸುವುದು ರಾಸಾಯನಿಕ ಅಸ್ತ್ರ ಒಪ್ಪಂದಕ್ಕೆ ಹೊಂದುವುದಿಲ್ಲವೆಂದು ಸದಸ್ಯ ರಾಷ್ಟ್ರಗಳು ತೀರ್ಮಾನಿಸಿದ್ದು 2021ರಲ್ಲಷ್ಟೇ.

ನಿಮ್ಮ ಪತ್ರದಲ್ಲಿ ಶತ್ರುವಿನ ಬಗ್ಗೆ ಕರುಣೆಯಿದೆ, ಅದನ್ನು ಗೌರವಿಸುತ್ತೇನೆ. ಆದರೆ ಈ ಪ್ರಯೋಗಗಳ ಬೆಲೆ ತೆತ್ತವರು ಸ್ವಂತ ಸೈನಿಕರು. 1958ರಲ್ಲಿ ವಿಷಾನಿಲದಿಂದ ರಕ್ಷಿಸುವ ಉಡುಪು-ಮುಖವಾಡಗಳ ಪರೀಕ್ಷೆಯೆಂದು ನಂಬಿ ಎಡ್ಜ್‌ವುಡ್‌ಗೆ ಹೋದ ಸಾರ್ಜೆಂಟ್ ಜೇಮ್ಸ್ ಸ್ಟ್ಯಾನ್ಲಿಗೆ, ತಿಳಿಸದೆಯೇ ಎಲ್‌ಎಸ್‌ಡಿ ಕುಡಿಸಲಾಯಿತು. ಆತನಿಗೆ ವಿಷಯ ಗೊತ್ತಾದದ್ದು 1975ರಲ್ಲಿ, ಸೇನೆಯದೇ ಪತ್ರದಿಂದ. ಅಷ್ಟರಲ್ಲಿ ಸಂಸಾರ ಮುರಿದಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಆತನ ಪರಿಹಾರದ ಮೊಕದ್ದಮೆಯನ್ನು ತಳ್ಳಿಹಾಕಿತು. ಪ್ರಯೋಗಕ್ಕೊಳಗಾದವರಿಗೆ ಸೇನೆಯೇ ಚಿಕಿತ್ಸೆ ಕೊಡಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ಹೇಳಿದ್ದು 2015ರಲ್ಲಿ.

— ಸಂಪಾದಕ