ನೀವು ಕೇಳಿದ್ದು: ಇಂಗ್ಲಿಷ್ ಗುಣವಾಚಕಗಳ ಬಗ್ಗೆ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಇಂಗ್ಲಿಷ್ ಗುಣವಾಚಕಗಳ ಬಗ್ಗೆಯೇ ಇವೆ. ಸ್ಕೂಲಲ್ಲಿ ಅಡ್ಜೆಕ್ಟಿವ್ ಅಂತ ಹೇಳಿಕೊಡುತ್ತಾರಲ್ಲ, ಅದೇ. ಹಾಗಾಗಿ ಈ ಪುಟವನ್ನು ಪೂರ್ತಿ ಅವಕ್ಕೇ ಕೊಟ್ಟಿದ್ದೇನೆ.

ಕಾಲೇಜಿನಲ್ಲಿ ನಡೆದ ಕೆಲಸದ ಸಂದರ್ಶನದಲ್ಲಿ ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಅಂದೆ. ಎದುರಿಗಿದ್ದವರು ನಕ್ಕುಬಿಟ್ಟರು. ತಪ್ಪೇನು? (ಬಿ.ಕಾಂ. ವಿದ್ಯಾರ್ಥಿನಿ, ಹಾಸನ)

‘ಇಂಟರೆಸ್ಟೆಡ್’ ಅನ್ನಬೇಕಿತ್ತು. ಅವರು ನಕ್ಕಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಮ್ಮಲ್ಲಿ ತುಂಬಾ ಜನ ಎಡವುವ ಜಾಗ ಇದು, ಅದಕ್ಕೆ ಕಾರಣವೂ ಇದೆ.

ಕನ್ನಡದಲ್ಲಿ ನಾವು ‘ನನಗೆ ಬೋರಾಗುತ್ತಿದೆ’, ‘ನನಗೆ ಆಸಕ್ತಿ ಇದೆ’ ಅನ್ನುತ್ತೇವೆ. ಆ ‘ನನಗೆ’ಯಲ್ಲೇ ಭಾವನೆ ಯಾರದು ಅಂತ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನ ಇಂಥ ವಾಕ್ಯಗಳಲ್ಲಿ ‘ನನಗೆ’ ಬರುವುದಿಲ್ಲ, ಬರೀ ‘ಐ’ ಬರುತ್ತದೆ. ಹಾಗಾಗಿ ಭಾವನೆ ಯಾರಿಗೆ ಬಂತು, ಯಾವುದರಿಂದ ಬಂತು ಅನ್ನುವುದನ್ನು ಪದದ ಕೊನೆಯೇ ಹೇಳಬೇಕು. ಭಾವನೆ ಬಂದವರು ಬೋರ್ಡ್, ಟೈರ್ಡ್, ಕನ್‌ಫ್ಯೂಸ್ಡ್. ಆ ಭಾವನೆ ಬರಿಸಿದ್ದು ಬೋರಿಂಗ್, ಟೈರಿಂಗ್, ಕನ್‌ಫ್ಯೂಸಿಂಗ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಕೂತು ಬಂದರೆ ಪ್ರಯಾಣ ಟೈರಿಂಗ್, ಇಳಿದ ನೀವು ಟೈರ್ಡ್.

ಕೆಲವು ಕಡೆ ‘ಮನುಷ್ಯರಿಗೆ ಇಡಿ (-ed), ವಸ್ತುಗಳಿಗೆ ಐಎನ್‌ಜಿ (-ing)’ ಅಂತ ಕಲಿಸುತ್ತಾರೆ. ದಯವಿಟ್ಟು ಅದನ್ನು ಮರೆತುಬಿಡಿ. ಮನುಷ್ಯರೂ ಬೋರಿಂಗ್ ಆಗಿರಬಹುದು. ‘ಹಿ ಈಸ್ ಬೋರ್ಡ್’ ಅಂದರೆ ಅವನಿಗೆ ಬೇಜಾರು, ‘ಹಿ ಈಸ್ ಬೋರಿಂಗ್’ ಅಂದರೆ ಅವನ ಜೊತೆ ಕೂತವರಿಗೆ ಬೇಜಾರು. ನೀವು ಸಂದರ್ಶನದಲ್ಲಿ ಹೇಳಿದ್ದು ‘ನಾನು ಬಹಳ ಸ್ವಾರಸ್ಯಕರ ವ್ಯಕ್ತಿ’ ಅಂದ ಹಾಗಾಯಿತು, ಅಷ್ಟೇ.

ಆಫೀಸಿನಲ್ಲಿ ‘ಸೀನಿಯರ್ ದ್ಯಾನ್ ಮಿ’ ಸರಿಯೋ, ‘ಸೀನಿಯರ್ ಟು ಮಿ’ ಸರಿಯೋ? (ತುಮಕೂರು)

‘ಟು’ ಸರಿ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದವು, ‘ಹೆಚ್ಚು’ ‘ಕಮ್ಮಿ’ ಅನ್ನುವ ಅರ್ಥ ಅವುಗಳೊಳಗೇ ಇದೆ. ಹಾಗಾಗಿ ‘ಮೋರ್ ಸೀನಿಯರ್ ಟು’ ಅಂತಲೂ ಬೇಡ. ಇದರ ಜೊತೆಗೇ ಇನ್ನೊಂದು: ‘ಎಲ್ಡರ್ ಬ್ರದರ್’ ಸರಿ, ‘ಎಲ್ಡರ್ ದ್ಯಾನ್ ಮಿ’ ತಪ್ಪು, ಅಲ್ಲಿ ‘ಓಲ್ಡರ್’ ಬರಬೇಕು.

ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತದೆ. ‘ಇನ್’ ಅಂದರೆ ‘ಅಲ್ಲ’ ಅಲ್ವಾ? ಹಾಗಾದರೆ ಬೆಂಕಿ ಹತ್ತುವುದಿಲ್ಲ ಅಂತಲೇ? (ಪೆಟ್ರೋಲ್ ಬಂಕ್ ಕೆಲಸಗಾರ, ಗದಗ)

ಹತ್ತುತ್ತದೆ, ಬಹಳ ಬೇಗ ಹತ್ತುತ್ತದೆ! ಇದನ್ನು ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ಇವತ್ತೇ ಹೇಳಿ.

ನಿಮ್ಮ ಅನುಮಾನಕ್ಕೆ ಅರ್ಥ ಇದೆ. ‘ಇನ್‌ಕರೆಕ್ಟ್’ ಅಂದರೆ ಸರಿ ಅಲ್ಲ, ‘ಇನ್‌ಆಕ್ಟಿವ್’ ಅಂದರೆ ಚಟುವಟಿಕೆ ಇಲ್ಲ. ಆದರೆ ಟ್ಯಾಂಕರ್ ಮೇಲಿನ ಈ ‘ಇನ್’ ಬೇರೆ ಜಾತಿಯದು. ‘ಇನ್‌ಫ್ಲೇಮ್’ ಅಂದರೆ ಹೊತ್ತಿಸು, ಅದರಿಂದ ಬಂದದ್ದು ‘ಇನ್‌ಫ್ಲೇಮಬಲ್’, ಹೊತ್ತಿಕೊಳ್ಳಬಲ್ಲದ್ದು. ‘ಫ್ಲೇಮಬಲ್’ ಅಂದರೂ ಅದೇ ಅರ್ಥ. ನಿಮ್ಮ ಹಾಗೆಯೇ ಜನ ತಪ್ಪು ತಿಳಿದು ಅನಾಹುತ ಆದೀತು ಅಂತ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯೊಂದು 1920ರ ದಶಕದಲ್ಲೇ ‘ಫ್ಲೇಮಬಲ್’ ಬಳಸಿ ಅಂತ ಒತ್ತಾಯ ಮಾಡಿತ್ತು. ನಮ್ಮ ಟ್ಯಾಂಕರ್‌ಗಳ ಮೇಲೆ ಹಳೇ ಪದ ಇನ್ನೂ ಉಳಿದಿದೆ. ಜೀವದ ಪ್ರಶ್ನೆ ಇರುವ ಕಡೆ ಇಂಥ ಗೊಂದಲ ಇರಬಾರದು, ‘ಬೇಗ ಬೆಂಕಿ ಹತ್ತುತ್ತದೆ’ ಅಂತ ಪಕ್ಕದಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಅನ್ನುತ್ತಾರೆ.

ಇಂಥ ಇನ್ನೂ ಎರಡು ಪದ ತಿಳಿದುಕೊಳ್ಳಿ. ‘ಇನ್‌ವ್ಯಾಲ್ಯುಬಲ್’ ಅಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ‘ಇನ್‌ಫೇಮಸ್’ ಅಂದರೆ ಯಾರಿಗೂ ಗೊತ್ತಿಲ್ಲದವ ಅಂತಲ್ಲ, ಕೆಟ್ಟ ಕಾರಣಕ್ಕೆ ಎಲ್ಲರಿಗೂ ಗೊತ್ತಿರುವವ.

ಮಗಳ ಮದುವೆಗೆ ಅಂತ ಮಾಡಿಸಿದ ಬಯೋಡೇಟಾದಲ್ಲಿ ‘ಹೋಮ್ಲಿ’ ಅಂತ ಬರೆಸಿದ್ದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗನ ಮನೆಯವರಿಗೆ ಕಳಿಸಿದರೆ, ‘ಅಮ್ಮ ಆಗಿ ಹೀಗೇಕೆ ಬರೆದಿದ್ದೀರಿ ಆಂಟಿ’ ಅಂತ ಆ ಹುಡುಗನೇ ಕೇಳಿದ. ಏನಾಯಿತು? (ಗೃಹಿಣಿ, ದಾವಣಗೆರೆ)

ಅಮ್ಮಾ, ನೀವು ಬರೆಸಿದ್ದೇ ಬೇರೆ, ಅವನು ಓದಿದ್ದೇ ಬೇರೆ. ನಮ್ಮ ಮದುವೆ ಜಾಹೀರಾತುಗಳಲ್ಲಿ ‘ಹೋಮ್ಲಿ’ ಅಂದರೆ ಮನೆಗೆ ಹೊಂದಿಕೊಂಡು ಹೋಗುವ ಹುಡುಗಿ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಜಾಗಕ್ಕೆ ಹೇಳುತ್ತಾರೆ: ಸರಳವಾದ, ಹಾಯಾಗಿ ಕೂರಬಹುದಾದ ಮನೆ, ಹೋಟೆಲು, ಹೀಗೆ. ಅಮೆರಿಕದಲ್ಲಿ ಮನುಷ್ಯರಿಗೆ ‘ಹೋಮ್ಲಿ’ ಅಂದರೆ ನೋಡಲು ಚೆನ್ನಾಗಿಲ್ಲ ಅಂತ. ಆ ಹುಡುಗ ಕಸಿವಿಸಿಯಿಂದಲೇ ಕೇಳಿರಬೇಕು. ಒಂದು ಫೋನ್ ಮಾಡಿ ವಿಷಯ ಹೇಳಿ, ಸರಿಹೋಗುತ್ತದೆ.

ಬಯೋಡೇಟಾದಲ್ಲಿ ಆ ಪದ ತೆಗೆದು ನೀವು ಹೇಳಬೇಕು ಅಂದುಕೊಂಡದ್ದನ್ನೇ ಬಿಡಿಸಿ ಬರೆಯಿರಿ. ಅಜ್ಜಿ ತಾತನ ಜೊತೆ ಬೆಳೆದಿದ್ದಾಳಾ, ಅದನ್ನು ಬರೆಯಿರಿ. ಅಡುಗೆ ಇಷ್ಟಾನಾ, ಹಾಡುತ್ತಾಳಾ, ಅದನ್ನು ಬರೆಯಿರಿ. ಹಾಗೆಯೇ ‘ವೀಟಿಶ್ ಕಾಂಪ್ಲೆಕ್ಷನ್’ ಅಂತ ಇದ್ದರೆ ಅದನ್ನೂ ಹೊಡೆದುಹಾಕಿ. ನಮ್ಮ ಕಡೆ ಬಿಟ್ಟರೆ ಬೇರೆ ಕಡೆ ಅದು ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಅರ್ಥವಾದರೂ, ಓದಿ ಕೆಲಸ ಮಾಡುವ ಮಗಳನ್ನು ಮೈಬಣ್ಣದಿಂದ ಪರಿಚಯಿಸುವುದು ನನಗಂತೂ ಸರಿ ಕಾಣುವುದಿಲ್ಲ.

ದಿನಕ್ಕೆ ಇಷ್ಟು ಅಂತ ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೇನೆ. ಆದರೂ ಮಾತಾಡುವಾಗ ತಪ್ಪು ಪದವೇ ಬರುತ್ತದೆ. (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ)

ನಿಮ್ಮ ಶ್ರಮ ಸಣ್ಣದಲ್ಲ, ಆದರೆ ಪಟ್ಟಿ ಮಾಡುವ ರೀತಿ ಬದಲಾಗಬೇಕು. ಗುಣವಾಚಕವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದು ಯಾವ ನಾಮಪದದ ಜೊತೆ ಬರುತ್ತದೋ ಅದರ ಸಮೇತ ಬರೆದುಕೊಳ್ಳಿ.

‘ಜೋರು’ ಅನ್ನುವ ನಮ್ಮ ಪದವನ್ನೇ ನೋಡಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ. ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ದನಿ ಲೌಡ್. ‘ಸ್ಟ್ರಾಂಗ್ ರೈನ್’ ಅಂದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ. ‘ಎತ್ತರ’ವೂ ಹೀಗೆಯೇ. ಮನುಷ್ಯ ಟಾಲ್, ಮರ ಟಾಲ್, ಬೆಟ್ಟ ಮಾತ್ರ ಹೈ. ಇದಕ್ಕೆ ತಿರುಗುಮುರುಗೂ ಉಂಟು. ಅವರ ‘ಹಾಟ್’ನಲ್ಲಿ ನಮ್ಮ ಬಿಸಿ, ಖಾರ ಎರಡೂ ಇವೆ. ಊಟಕ್ಕೆ ಕೂತ ಅತಿಥಿಗೆ ‘ದಿ ಸಾರು ಈಸ್ ಹಾಟ್’ ಅಂದರೆ ಅವರು ಆರಲಿ ಅಂತ ಕಾದು, ಆಮೇಲೆ ಒಂದು ತುತ್ತು ತಿಂದು ನೀರಿಗೆ ಕೈ ಚಾಚಬಹುದು. ಖಾರಕ್ಕೆ ‘ಸ್ಪೈಸಿ’ ಅನ್ನಿ, ಗೊಂದಲ ಇರುವುದಿಲ್ಲ.

ನೋಟ್‌ಬುಕ್‌ನಲ್ಲಿ ‘ಹೆವಿ ಅಂದರೆ ಭಾರ’ ಅಂತ ಬರೆಯುವ ಬದಲು ಹೆವಿ ರೈನ್, ಹೆವಿ ಟ್ರಾಫಿಕ್, ಹೆವಿ ಬ್ಯಾಗ್ ಅಂತ ಮೂರು ಜೋಡಿ ಬರೆಯಿರಿ. ಪಟ್ಟಿ ಚಿಕ್ಕದಾಗುತ್ತದೆ, ಆಗಲಿ. ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆಗಳಲ್ಲಿ ಕೇಳುವುದೂ ಇಂಥ ಜೋಡಿಗಳನ್ನೇ.

ಮದುವೆ ಕಾರ್ಡಿನಲ್ಲಿ ತೀರಿಹೋದ ಅಪ್ಪನ ಹೆಸರಿನ ಹಿಂದೆ ‘ಲೇಟ್’ ಹಾಕುತ್ತಾರೆ. ‘ಲೇಟ್’ ಅಂದರೆ ತಡ ಅಲ್ವಾ? ಎಷ್ಟು ವರ್ಷ ಹಾಗೆ ಹಾಕಬಹುದು? (ಮೈಸೂರು)

ಎರಡು ಅರ್ಥವೂ ಇವೆ. ಹೆಸರಿಗೋ ಸಂಬಂಧಕ್ಕೋ ಅಂಟಿಕೊಂಡು ಬಂದರೆ ದಿವಂಗತ: ‘ಮೈ ಲೇಟ್ ಫಾದರ್’. ವಾಕ್ಯದ ಕೊನೆಗೆ ಹೋದರೆ ತಡ: ‘ಮೈ ಫಾದರ್ ಈಸ್ ಲೇಟ್’ ಅಂದರೆ ಅಪ್ಪ ಇನ್ನೂ ಬಂದಿಲ್ಲ ಅಂತ. ಫಾರಂ ತುಂಬುವಾಗ, ಬ್ಯಾಂಕಿನಲ್ಲಿ ಮಾತಾಡುವಾಗ ಇದೊಂದು ನೆನಪಿರಲಿ. ವರ್ಷಗಳ ಲೆಕ್ಕ ಇಟ್ಟ ನಿಯಮ ಇಲ್ಲ. ಇತ್ತೀಚೆಗೆ ತೀರಿಹೋದವರಿಗೆ, ಬದುಕಿದ್ದಾರೋ ಇಲ್ಲವೋ ಅಂತ ಓದುವವರಿಗೆ ಗೊತ್ತಿರದ ಕಡೆ ಹಾಕುತ್ತಾರೆ. ಗಾಂಧೀಜಿ ಹೆಸರಿಗೆ ಯಾರೂ ‘ಲೇಟ್’ ಸೇರಿಸುವುದಿಲ್ಲ. ನಿಮ್ಮ ತಂದೆಯವರ ಹೆಸರಿಗೆ ಹಾಕಿ, ತಪ್ಪಿಲ್ಲ. ಕಾರ್ಡು ಕನ್ನಡದಲ್ಲಿದ್ದರೆ ‘ದಿವಂಗತ’ ಅಂತಲೇ ಅಚ್ಚು ಮಾಡಿಸಿ.