ಗ್ರಾಹಕರ ಕಟಕಟೆ: ದಂಡ, ಸುಂಕ, ನಿಮ್ಮ ಫೋನು

ಹೋದ ಸಂಚಿಕೆಯಲ್ಲಿ ವಾರಂಟಿ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ದೊಡ್ಡ ಟೆಕ್ ಕಂಪನಿಗಳ ಕುರಿತೇ ಇವೆ. ಈ ಸಲ ಫ್ರಿಜ್ಜು, ಮಿಕ್ಸರುಗಳನ್ನು ಪಕ್ಕಕ್ಕಿಟ್ಟು ಅವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, 2022ರಲ್ಲಿ ಗೂಗಲ್‌ಗೆ ಸಾವಿರ ಕೋಟಿಗೂ ಮೀರಿ ದಂಡ ಹಾಕಿದರು ಎಂದು ಓದಿ ಖುಷಿಪಟ್ಟಿದ್ದೆ. ಆಮೇಲೆ ಹೊಸ ಫೋನು ಕೊಂಡೆ. ಬೇಡದ ಆ್ಯಪ್‌ಗಳು ಹಾಗೇ ಕೂತಿವೆ, ತೆಗೆಯಲು ಬರುವುದಿಲ್ಲ. ಆ ದಂಡದ ಹಣ ಎಲ್ಲಿಗೆ ಹೋಯಿತು? ಆಂಡ್ರಾಯ್ಡ್ ಬಳಸುವ ನಮಗೆ ಅದರಲ್ಲಿ ಏನಾದರೂ ಬರಬೇಕಲ್ಲವೇ?
– ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಸರ್, ಹಣದ ವಿಚಾರ ಮೊದಲು ಮುಗಿಸುತ್ತೇನೆ. ದೊಡ್ಡ ಕಂಪನಿಗಳು ಮಾರುಕಟ್ಟೆಯ ಪೈಪೋಟಿ ಕೆಡಿಸದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಕೇಸಿನಲ್ಲಿ ಹಾಕಿದ ದಂಡ 1,337.76 ಕೋಟಿ ರೂಪಾಯಿ. ಐದು ದಿನ ಬಿಟ್ಟು, ಪ್ಲೇ ಸ್ಟೋರಿನ ಪಾವತಿ ವ್ಯವಸ್ಥೆಯ ವಿಷಯದಲ್ಲಿ ಇನ್ನೊಂದು 936.44 ಕೋಟಿ. ಈ ಎರಡನೆಯದನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚಿನಲ್ಲಿ 216.69 ಕೋಟಿಗೆ ಇಳಿಸಿತು. ಸ್ಪರ್ಧಾ ಕಾಯಿದೆಯ 47ನೇ ಕಲಮಿನ ಪ್ರಕಾರ ಇಂಥ ದಂಡವೆಲ್ಲ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ, ಜಮೆಯಾಗುತ್ತದೆ. ಬಳಕೆದಾರರಿಗೆ ಹಂಚುವ ಏರ್ಪಾಡು ಅದರಲ್ಲಿಲ್ಲ. ನಷ್ಟವಾಯಿತು ಎನ್ನುವವರು 53ಎನ್ ಕಲಮಿನಡಿ ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಬಹುದು, ಒಂದೇ ಬಗೆಯ ನಷ್ಟವಾದವರು ಒಟ್ಟಾಗಿಯೂ ಹಾಕಬಹುದು. ಆದರೆ ಬೇಡದ ಆ್ಯಪಿನಿಂದ ನಿಮಗೆ ಇಂತಿಷ್ಟು ರೂಪಾಯಿ ನಷ್ಟ ಎಂದು ದಾಖಲೆ ಸಮೇತ ತೋರಿಸಬೇಕಲ್ಲ, ಅಲ್ಲೇ ಕೇಸು ನಿಂತುಬಿಡುತ್ತದೆ. ಆ ದಾರಿ ಹಿಡಿಯಿರಿ ಎಂದು ನಾನು ಯಾವ ಕಕ್ಷಿದಾರರಿಗೂ ಹೇಳುವುದಿಲ್ಲ.

ನೀವು ಹಣದ ಬಗ್ಗೆ ಕೇಳಿದ್ದೀರಿ. ನನಗೆ ಕಳವಳ ಇರುವುದು ನಿಮ್ಮ ಇನ್ನೊಂದು ಮಾತಿನ ಬಗ್ಗೆ, ಆ್ಯಪ್ ತೆಗೆಯಲು ಬರುವುದಿಲ್ಲ ಎನ್ನುವುದು. ಯಾಕೆಂದರೆ ಅದು ಮೊದಲ ದಂಡದ ಆ ಆಂಡ್ರಾಯ್ಡ್ ಕೇಸಿನ ಒಳಗೇ ಇತ್ತು.

ಕಾನೂನು ಓದಿದ, ಓದುತ್ತಿದ್ದ ಮೂವರು ಎಳೆಯರು ಆಯೋಗಕ್ಕೆ ಕೊಟ್ಟ ದೂರಿನಿಂದ ಶುರುವಾದ ಪ್ರಕರಣ ಅದು. 2019ರ ಏಪ್ರಿಲಿನಲ್ಲಿ ತನಿಖೆಗೆ ಆದೇಶವಾಯಿತು. ದೂರಿನ ತಿರುಳು ಇಷ್ಟು: ಫೋನ್ ತಯಾರಿಸುವ ಕಂಪನಿಗೆ ಪ್ಲೇ ಸ್ಟೋರ್ ಇಲ್ಲದೆ ಫೋನು ಮಾರಲಾಗದು. ಪ್ಲೇ ಸ್ಟೋರ್ ಬೇಕಾದರೆ ಸರ್ಚ್, ಕ್ರೋಮ್, ಯೂಟ್ಯೂಬ್ ಸಮೇತ ಇಡೀ ಕಟ್ಟನ್ನೇ ಹಾಕಿಕೊಳ್ಳಬೇಕು. ಅಕ್ಕಿ ಕೇಳಿದವರಿಗೆ ಸೋಪು, ಬೆಂಕಿಪೊಟ್ಟಣ ಎಲ್ಲ ಸೇರಿಸಿಯೇ ಕೊಡುತ್ತೇನೆ ಎನ್ನುವ ಅಂಗಡಿಯ ಹಾಗೆ. ಇದು ತಪ್ಪು ಎಂದ ಆಯೋಗ ದಂಡದ ಜೊತೆಗೆ ಹತ್ತು ನಿರ್ದೇಶನಗಳನ್ನೂ ಕೊಟ್ಟಿತು. ಪತ್ರಿಕೆಗಳಲ್ಲಿ ದಂಡದ ಅಂಕಿ ದಪ್ಪಕ್ಷರದಲ್ಲಿ ಬಂತು, ಈ ಹತ್ತು ನಿರ್ದೇಶನಗಳು ಕೊನೆಯ ಸಾಲಿಗೆ ಹೋದವು. ನಿಮಗೆ ಬೇಕಾದ್ದು ಇದ್ದದ್ದು ಆ ಸಾಲಿನಲ್ಲಿ. ಮೊದಲೇ ಹಾಕಿ ಬಂದ ಗೂಗಲ್ ಆ್ಯಪ್‌ಗಳನ್ನು ಬಳಕೆದಾರ ಪೂರ್ತಿ ಕಿತ್ತುಹಾಕಲು ಅಡ್ಡಿ ಮಾಡಬಾರದು ಎಂದು ಆಯೋಗ ಸ್ಪಷ್ಟವಾಗಿ ಹೇಳಿತ್ತು.

2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿಯ ತೀರ್ಪು ಬಂತು. ದಂಡ ಪೈಸೆಯೂ ಕಡಿಮೆಯಾಗಲಿಲ್ಲ. ಆದರೆ ಹತ್ತರಲ್ಲಿ ನಾಲ್ಕು ನಿರ್ದೇಶನಗಳು ರದ್ದಾದವು, ಆ ನಾಲ್ಕರಲ್ಲಿ ಆ್ಯಪ್ ಕಿತ್ತುಹಾಕುವ ಸ್ವಾತಂತ್ರ್ಯವೂ ಒಂದು. ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕಿಕೊಳ್ಳಲು ಅಡ್ಡಿ ಮಾಡಬಾರದು ಎಂಬುದೂ ಹೋಯಿತು. ಅಂದರೆ ಸರ್ಕಾರಕ್ಕೆ ಹೋಗುವ ಹಣ ಉಳಿಯಿತು, ನಿಮ್ಮ ಕೈಗೆ ಬರಬೇಕಿದ್ದ ‘ಅನ್‌ಇನ್‌ಸ್ಟಾಲ್’ ಗುಂಡಿ ಹೋಯಿತು. ಈ ತೀರ್ಪನ್ನು ಓದಿದಾಗ ನನಗೆ ಆದ ಬೇಸರ ಇವತ್ತಿಗೂ ಇದೆ. ಸಾವಿರಾರು ಕೋಟಿ ವಹಿವಾಟಿನ ಕಂಪನಿ ದಂಡವನ್ನು ಖರ್ಚಿನ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಹೋಗುತ್ತದೆ. ಅದರ ವ್ಯಾಪಾರದ ರೀತಿ ಬದಲಾಗುವುದು ನಿಮ್ಮ ಫೋನಿನಲ್ಲಿ ಒಂದು ಆಯ್ಕೆ ಹೆಚ್ಚಾದಾಗ.

ಕೈಗೆ ಬಂದದ್ದೂ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಆಯೋಗದ ಆದೇಶಕ್ಕೆ ತಡೆಯಾಜ್ಞೆ ಕೊಡಲು ಸುಪ್ರೀಂ ಕೋರ್ಟು ಒಪ್ಪದ ಮೇಲೆ, 2023ರ ಜನವರಿಯಲ್ಲಿ ಗೂಗಲ್ ಎರಡು ಬದಲಾವಣೆ ಪ್ರಕಟಿಸಿತು. ಫೋನ್ ಕಂಪನಿಗಳು ಗೂಗಲ್ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದು. ಹೊಸ ಫೋನು ಶುರುಮಾಡುವಾಗ ಯಾವ ಸರ್ಚ್ ಎಂಜಿನ್ ಬೇಕು ಎಂದು ಭಾರತದ ಬಳಕೆದಾರನನ್ನು ಕೇಳುತ್ತದೆ. ಮುಂದಿನ ಸಲ ಫೋನು ಕೊಂಡಾಗ ಅಂಗಡಿಯ ಹುಡುಗ ‘ಕೊಡಿ ಸಾರ್, ನಾನೇ ಸೆಟ್ ಮಾಡ್ತೀನಿ’ ಎಂದು ಟಕಟಕ ‘ನೆಕ್ಸ್ಟ್’ ಒತ್ತಲು ಬಿಡಬೇಡಿ. ಆ ಆಯ್ಕೆಯ ಪರದೆ ಅಲ್ಲೇ ಬಂದು ಹೋಗುತ್ತದೆ.

ಈಗಿರುವ ಫೋನಿಗೆ ಹೀಗೆ ಮಾಡಿ: ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ತೆರೆದು, ಬೇಡದ ಆ್ಯಪ್ ಮೇಲೆ ಒತ್ತಿ. ‘ಅನ್‌ಇನ್‌ಸ್ಟಾಲ್’ ಇರಬೇಕಾದ ಜಾಗದಲ್ಲಿ ‘ಡಿಸೇಬಲ್’ ಎಂದಿದ್ದರೆ ಅದನ್ನೇ ಒತ್ತಿ. ಆ್ಯಪ್ ಕಣ್ಣಿಗೆ ಕಾಣುವುದಿಲ್ಲ, ತಾನಾಗಿ ಓಡುವುದೂ ಇಲ್ಲ. ಫೋನಿನೊಳಗಿನ ಜಾಗ ಮಾತ್ರ ಪೂರ್ತಿ ವಾಪಸು ಬರುವುದಿಲ್ಲ. ಕಡಿಮೆ ಬೆಲೆಯ, ಕಡಿಮೆ ಜಾಗದ ಫೋನು ಇಟ್ಟುಕೊಂಡವರಿಗೆ ಈ ವ್ಯತ್ಯಾಸ ದೊಡ್ಡದು.

ಪ್ರಶ್ನೆ: ನಮ್ಮ ಪಕ್ಕದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೇ ಐಫೋನ್ ತಯಾರಾಗುತ್ತದೆ. ಹಡಗಿಲ್ಲ, ವಿಮಾನವಿಲ್ಲ, ಆಮದು ಸುಂಕವಿಲ್ಲ. ಆದರೂ ಅಮೆರಿಕಕ್ಕಿಂತ ನಮಗೇ ಯಾಕೆ ದುಬಾರಿ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಬಿಲ್ಲನ್ನು ಬಿಡಿಸಿ ನೋಡೋಣ. 2025ರ ಸೆಪ್ಟೆಂಬರಿನಲ್ಲಿ ಬಂದಾಗ ಐಫೋನ್ 17ರ ಬೆಲೆ ಇಲ್ಲಿ 82,900 ರೂಪಾಯಿ, ಅಮೆರಿಕದಲ್ಲಿ 799 ಡಾಲರ್ ಇತ್ತು. ನಮ್ಮ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆ. ಅದನ್ನು ಕಳೆದರೆ ಉಳಿಯುವುದು 70,254 ರೂಪಾಯಿ, ತೆರಿಗೆಯೇ 12,646. ಅಮೆರಿಕದ ಬೆಲೆಯಲ್ಲಿ ಅಲ್ಲಿನ ರಾಜ್ಯಗಳ ಮಾರಾಟ ತೆರಿಗೆ ಸೇರಿರುವುದಿಲ್ಲ. ಆಗ ಡಾಲರ್ ಹೆಚ್ಚುಕಡಿಮೆ 88 ರೂಪಾಯಿ ಇತ್ತು. 799 ಡಾಲರ್ ಅಂದರೆ 70,312. ಎರಡೂ ಒಂದೇ ಆಯಿತಲ್ಲ! ಈ ಮಾದರಿಯಲ್ಲಿ ನಿಮಗೆ ಹೆಚ್ಚೆನಿಸುವುದು ಪೂರ್ತಿ ಜಿಎಸ್‌ಟಿ. 2020ರ ಮಾರ್ಚ್ ಕೊನೆಯವರೆಗೆ ಮೊಬೈಲಿಗೆ ಶೇ 12 ಇತ್ತು, ಏಪ್ರಿಲ್ 1ರಿಂದ 18 ಆಯಿತು. ಮಕ್ಕಳ ಪಾಠ, ಬ್ಯಾಂಕು, ರೇಷನ್ನು ಎಲ್ಲ ಫೋನಿನ ಮೇಲೆ ನಿಂತಿರುವಾಗ ಅಗ್ಗದ ಫೋನಿಗೂ ಇದೇ ದರ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಅದೇ ಐಫೋನ್ 17 ಪ್ರೊ ನೋಡಿ. ಬಂದಾಗ ಇಲ್ಲಿ 1,34,900, ಅಲ್ಲಿ 1,099 ಡಾಲರ್ ಇತ್ತು. ಜಿಎಸ್‌ಟಿ ಕಳೆದರೂ ಇಲ್ಲಿ 1,14,322 ಉಳಿಯುತ್ತದೆ, ಡಾಲರ್ ಲೆಕ್ಕ 96,712ಕ್ಕೇ ನಿಲ್ಲುತ್ತದೆ. ಹದಿನೇಳು ಸಾವಿರ ಚಿಲ್ಲರೆಯ ಈ ಅಂತರವನ್ನು ಜಿಎಸ್‌ಟಿ ತಲೆಗೆ ಕಟ್ಟಲಾಗದು. ಯಾವ ಮಾದರಿಯನ್ನು ಯಾರಿಗೆ ಎಷ್ಟಕ್ಕೆ ಮಾರಬಹುದು ಎಂಬ ಕಂಪನಿಯ ಲೆಕ್ಕಾಚಾರವೂ ಬೆಲೆಯಲ್ಲಿ ಕೂತಿರುತ್ತದೆ. ಕಾರ್ಖಾನೆ ಹತ್ತಿರ ಬಂದ ಮಾತ್ರಕ್ಕೆ ಅದು ಕರಗುವುದಿಲ್ಲ.

ಆಮದು ಸುಂಕ ಬೆಲೆಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ 2024ರ ಜುಲೈಗಿಂತ ಒಳ್ಳೆಯ ಉದಾಹರಣೆ ಸಿಗದು. ಮೊಬೈಲಿನ ಮೂಲ ಸುಂಕವನ್ನು 2018ರ ಬಜೆಟ್ ಶೇ 20ಕ್ಕೆ ಏರಿಸಿತ್ತು, 2024ರ ಜುಲೈ 23ರ ಬಜೆಟ್ ಶೇ 15ಕ್ಕೆ ಇಳಿಸಿತು. ಅದೇ ವಾರ ಆ್ಯಪಲ್ ದರ ಬದಲಿಸಿತು. ಆಗ ಹೊರಗಿಂದ ಬರುತ್ತಿದ್ದ ಐಫೋನ್ 15 ಪ್ರೊ 1,34,900ರಿಂದ 1,29,800ಕ್ಕೆ ಇಳಿಯಿತು, ಅಂದರೆ 5,100 ಕಡಿಮೆ. ಇಲ್ಲೇ ಜೋಡಿಸುತ್ತಿದ್ದ ಐಫೋನ್ 15ಕ್ಕೆ ಇಳಿದದ್ದು 300 ರೂಪಾಯಿ. ಸುಂಕ ಇಳಿಸಿದ ಲಾಭ ಹೆಚ್ಚಾಗಿ ಸಿಕ್ಕಿದ್ದು ಲಕ್ಷದ ಫೋನು ಕೊಳ್ಳುವವರಿಗೆ.

ನೀವು ದೊಡ್ಡಬಳ್ಳಾಪುರದವರಾದ್ದರಿಂದ ಇನ್ನೊಂದು ಮಾತು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿಗೆ ಒಟ್ಟು ಶೇ 50 ಸುಂಕ ಹಾಕಿದಾಗ ಸ್ಮಾರ್ಟ್‌ಫೋನನ್ನು ಹೊರಗಿಟ್ಟಿತು, ಸಿದ್ಧ ಉಡುಪನ್ನು ಇಡಲಿಲ್ಲ. ಐಫೋನ್ ತುಟ್ಟಿಯಾದರೆ ಅಮೆರಿಕದ ಗ್ರಾಹಕರೇ ಕೂಗುತ್ತಾರೆ, ಕಂಪನಿಯೂ ಕೂಗುತ್ತದೆ. ನಿಮ್ಮ ಅಪರೆಲ್ ಪಾರ್ಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳ ಪರವಾಗಿ ಅಷ್ಟು ಗಟ್ಟಿಯಾಗಿ ಕೂಗುವವರು ವಾಷಿಂಗ್ಟನ್ನಿನಲ್ಲಿ ಯಾರಿದ್ದಾರೆ?

ಪ್ರಶ್ನೆ: ನಾವು ಹೋಮ್‌ಸ್ಟೇ ನಡೆಸುತ್ತೇವೆ, ಆನ್‌ಲೈನ್ ಜಾಹೀರಾತು ಕೊಡದೆ ಗಿರಾಕಿ ಬರುವುದಿಲ್ಲ. ‘ಗೂಗಲ್ ಟ್ಯಾಕ್ಸ್’ ತೆಗೆದರು ಎಂದು ಕೇಳಿದೆ. ನಮ್ಮ ಖರ್ಚು ಇಳಿಯುತ್ತದೆಯೇ?
– ಓದುಗರು, ಮಡಿಕೇರಿ

ಉತ್ತರ: ಜನ ಹಾಗೆ ಕರೆಯುತ್ತಿದ್ದುದು ಈಕ್ವಲೈಸೇಶನ್ ಲೆವಿಯನ್ನು. ಇಲ್ಲಿ ಕಚೇರಿ ತೆರೆಯದೆ ಇಲ್ಲಿಂದ ದುಡಿಯುವ ವಿದೇಶಿ ಕಂಪನಿಗಳಿಂದ ಏನಾದರೂ ಬರಲಿ ಎಂದು 2016ರ ಜೂನಿನಿಂದ ಆನ್‌ಲೈನ್ ಜಾಹೀರಾತಿಗೆ ಶೇ 6 ಹಾಕಿದರು, 2020ರಲ್ಲಿ ಇ-ಕಾಮರ್ಸಿಗೆ ಶೇ 2 ಸೇರಿಸಿದರು. ತನ್ನ ಕಂಪನಿಗಳ ಮೇಲೆ ತಾರತಮ್ಯ ಎಂದು ಅಮೆರಿಕ ತಕರಾರು ತೆಗೆಯಿತು, ಪ್ರತಿಸುಂಕದ ಬೆದರಿಕೆಯೂ ಬಂತು. ಶೇ 2 ಹೋದದ್ದು 2024ರ ಆಗಸ್ಟ್ 1ಕ್ಕೆ, ಶೇ 6 ಹೋದದ್ದು 2025ರ ಏಪ್ರಿಲ್ 1ಕ್ಕೆ.

ಇಂಥ ತೆರಿಗೆಯನ್ನು ಕೊನೆಗೆ ಯಾರು ಕಟ್ಟುತ್ತಾರೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ 2020ರಲ್ಲಿ ಶೇ 2ರ ಡಿಜಿಟಲ್ ತೆರಿಗೆ ಬಂದ ವರ್ಷವೇ ಗೂಗಲ್ ಜಾಹೀರಾತುದಾರರ ಬಿಲ್ಲಿಗೆ ಶೇ 2 ಸೇರಿಸಿತು, ಅಮೆಜಾನ್ ಮಾರಾಟಗಾರರ ಶುಲ್ಕವನ್ನು ಅಷ್ಟೇ ಏರಿಸಿತು. ತೆರಿಗೆ ದೊಡ್ಡ ಕಂಪನಿಗೆ, ಕಟ್ಟಿದ್ದು ಸಣ್ಣ ವ್ಯಾಪಾರಿ. ಹಾಗಾಗಿ ತೆರಿಗೆ ಹೋದಾಗ ಆ ಹಣ ನಿಮಗೆ ವಾಪಸು ಬರಲೇಬೇಕು ಎಂದು ನೀವೇ ಕೇಳಬೇಕು. 2025ರ ಮಾರ್ಚ್ ಮತ್ತು ಮೇ ತಿಂಗಳ ಇನ್‌ವಾಯ್ಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ಜಿಎಸ್‌ಟಿ ಬಿಟ್ಟು ಬೇರೆ ಯಾವ ಶುಲ್ಕದ ಸಾಲು ಇದೆ, ಯಾವುದು ಹೋಗಿದೆ ಎಂದು ನಿಮ್ಮ ಲೆಕ್ಕಪತ್ರದವರಿಗೆ ತೋರಿಸಿ. ಏಜೆನ್ಸಿ ಮೂಲಕ ಜಾಹೀರಾತು ಕೊಡುತ್ತಿದ್ದರೆ ಅವರ ಬಿಲ್ಲಲ್ಲ, ಮೂಲ ಬಿಲ್ಲನ್ನೇ ತರಿಸಿಕೊಳ್ಳಿ.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಐಫೋನಿಗೆ ನನ್ನ ಸಾದಾ ಫೋನಿನ ಚಾರ್ಜರೇ ಆಗುತ್ತದೆ. ಕಂಪನಿಗೆ ಈ ಒಳ್ಳೆ ಬುದ್ಧಿ ಯಾವಾಗ ಬಂತು?
– ಗೃಹಿಣಿ, ಶಿವಮೊಗ್ಗ

ಉತ್ತರ: ಯುರೋಪಿನ ಕಾನೂನು ಬಂದಾಗ, ಅಮ್ಮಾ. 2022ರಲ್ಲಿ ಐರೋಪ್ಯ ಒಕ್ಕೂಟ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಕಡ್ಡಾಯ ಮಾಡಿತು. ಫೋನುಗಳಿಗೆ ಗಡುವು 2024ರ ಡಿಸೆಂಬರ್ 28. ಆ್ಯಪಲ್ ಮೊದಲು ವಿರೋಧಿಸಿತು, ಆಮೇಲೆ 2023ರ ಸೆಪ್ಟೆಂಬರಿನ ಐಫೋನ್ 15ರಲ್ಲೇ ಯುಎಸ್‌ಬಿ-ಸಿ ಕೊಟ್ಟಿತು, ಅದೂ ಯುರೋಪಿಗೆ ಮಾತ್ರವಲ್ಲ, ಎಲ್ಲ ದೇಶಗಳಿಗೂ. ನೋಡಿ, ಇದರಲ್ಲಿ ಒಂದು ಪೈಸೆ ದಂಡವಿಲ್ಲ. ಒಂದು ಕಿಂಡಿ ಬದಲಾಯಿತು, ಶಿವಮೊಗ್ಗದ ನಿಮ್ಮ ಮನೆಯಲ್ಲಿ ಒಂದು ವೈರು ಕಡಿಮೆಯಾಯಿತು. ನಿಯಮ ಬರೆದರೆ ಹೀಗೆ ಬರೆಯಬೇಕು.

ಪ್ರಶ್ನೆ: ವಾಟ್ಸಾಪ್ ನಮ್ಮ ಮಾಹಿತಿಯನ್ನು ಫೇಸ್‌ಬುಕ್ಕಿಗೆ ಕೊಡಬಾರದು ಎಂದು ಆದೇಶ ಆಗಿತ್ತಲ್ಲ, ಅದು ಈಗಲೂ ಇದೆಯೇ?
– ಓದುಗರು, ಕುಂದಾಪುರ

ಉತ್ತರ: ಅರ್ಧ ಇದೆ. ‘ಒಪ್ಪಿ, ಇಲ್ಲವೇ ಬಿಡಿ’ ಎಂಬ ವಾಟ್ಸಾಪಿನ 2021ರ ಷರತ್ತಿಗಾಗಿ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ವಾಟ್ಸಾಪ್, ಫೇಸ್‌ಬುಕ್ ಎರಡರ ಒಡೆಯನಾದ ಮೆಟಾ ಕಂಪನಿಗೆ 213.14 ಕೋಟಿ ದಂಡ ಹಾಕಿ, ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು ಐದು ವರ್ಷ ನಿಷೇಧಿಸಿತ್ತು. 2025ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ಐದು ವರ್ಷದ ನಿಷೇಧವನ್ನು ತೆಗೆದುಹಾಕಿತು. ರಾಣೆಬೆನ್ನೂರಿನ ಮೇಷ್ಟ್ರಿಗೆ ಆದದ್ದೇ ನಿಮಗೂ ಆಯಿತು. ನಿಮ್ಮ ಸಂದೇಶಗಳನ್ನು ಕಂಪನಿ ಓದುತ್ತದೆ ಎಂಬ ಭಯ ಬೇಡ, ಅವು ಗೂಢಲಿಪಿಯಲ್ಲಿ ಹೋಗುತ್ತವೆ. ಹಂಚಿಕೆಯ ಜಗಳ ಇರುವುದು ನಿಮ್ಮ ನಂಬರು, ಯಾವ ಫೋನು, ಯಾವ ವ್ಯಾಪಾರಿಯ ಜೊತೆ ವ್ಯವಹಾರ ಎಂಬಂಥ ವಿವರಗಳ ಮೇಲೆ.

ಪ್ರಶ್ನೆ: ಒಂದು ವಿಡಿಯೊ ಆ್ಯಪಿಗೆ ‘ಒಂದು ತಿಂಗಳು ಉಚಿತ’ ಎಂದು ಸೇರಿದೆ. ಈಗ ಪ್ರತಿ ತಿಂಗಳು ಖಾತೆಯಿಂದ ಹಣ ಹೋಗುತ್ತಿದೆ. ಆ್ಯಪ್ ತೆಗೆದುಹಾಕಿದರೂ ನಿಂತಿಲ್ಲ.
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಆ್ಯಪ್ ತೆಗೆದರೆ ಚಂದಾ ರದ್ದಾಗುವುದಿಲ್ಲಮ್ಮ, ನೀನು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ಹಾಗೇ ಇರುತ್ತದೆ. ಹಣ ಕಳಿಸಲು ಬಳಸುವ ಯುಪಿಐ ಆ್ಯಪ್ ತೆರೆದು ‘ಆಟೋಪೇ’ ಎಂಬಲ್ಲಿ ಹೋಗು. ಆ ಕಂಪನಿಯ ಹೆಸರಿರುತ್ತದೆ, ಅಲ್ಲೇ ರದ್ದು ಮಾಡು. ಕಾರ್ಡಿನಿಂದ ಹೋಗುತ್ತಿದ್ದರೆ ಬ್ಯಾಂಕಿನಲ್ಲಿ ಇ-ಮ್ಯಾಂಡೇಟ್, ಅಂದರೆ ತಾನಾಗಿ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆ, ನಿಲ್ಲಿಸಲು ಬರೆದುಕೊಡು.

2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ನಿನಗೆ ಸಂದೇಶ ಬರಬೇಕು, ಬೇಡ ಎನ್ನುವ ದಾರಿಯೂ ಅದರಲ್ಲಿರಬೇಕು. ಆ ಸಂದೇಶ ಬಂದಿತ್ತೇ ಎಂದು ಫೋನಿನಲ್ಲಿ ಹುಡುಕು. ಬಂದಿಲ್ಲದಿದ್ದರೆ ಬ್ಯಾಂಕಿನ ಮೇಲೆ ದೂರು ಕೊಡಲು ಆಧಾರ ಸಿಕ್ಕಿತು. ಸೇರುವುದು ಸುಲಭ ಮಾಡಿ ಬಿಡುವುದು ಕಷ್ಟ ಮಾಡುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಮೋಸದ ಹದಿಮೂರು ಬಗೆಗಳಲ್ಲಿ ಒಂದು ಎಂದು ಹೆಸರಿಸಿದೆ. ರದ್ದು ಮಾಡುವಾಗ ಯಾವ ಯಾವ ಪರದೆ ಬಂತು ಎಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಕಡಿತವಾದ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡ. ಹಣ ವಾಪಸು ಬಾರದಿದ್ದರೆ ಆ ಸಂಖ್ಯೆಯ ಜೊತೆಗೆ ನನಗೆ ಮತ್ತೆ ಬರೆ, ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅರ್ಜಿ ಹೇಗೆ ಹಾಕಬೇಕು ಎಂದು ತಿಳಿಸುತ್ತೇನೆ.